ಕಂಪ್ಯೂಟರ್ ರಿಪೇರಿಗೆ ಹೊರಟಿರಾ? ಮೊದಲು ಕೀಲಿ ಎಲ್ಲಿದೆ ನೋಡಿಕೊಳ್ಳಿ



2023ರ ಡಿಸೆಂಬರ್ 3 ಮತ್ತು 4ನೇ ತಾರೀಕು ಚೆನ್ನೈನಲ್ಲಿದ್ದವರಿಗೆ ಮರೆಯುವಂಥದ್ದಲ್ಲ. ಮಿಚಾಂಗ್ ಚಂಡಮಾರುತದ ಮಳೆಗೆ ವೇಳಚ್ಚೇರಿ, ಪಳ್ಳಿಕರಣೈ ಕಡೆಯ ನೆಲಮಹಡಿಯ ಮನೆಗಳಿಗೆಲ್ಲ ನೀರು ನುಗ್ಗಿತು. 2015ರ ಡಿಸೆಂಬರಿನಲ್ಲಿ ಅಡಯಾರು ಉಕ್ಕಿ ಹರಿದಾಗ ಪಟ್ಟ ಪಾಡನ್ನೇ ಜನ ಮತ್ತೊಮ್ಮೆ ಪಟ್ಟರು. ನೀರು ಇಳಿದ ಮೇಲೆ ವೇಳಚ್ಚೇರಿಯ ಹಿರಿಯ ಕೇಳುಗರೊಬ್ಬರು ನನಗೆ ಫೋನ್ ಮಾಡಿದರು.

“ಏನಪ್ಪಾ, ನಮ್ಮ ಕಂಪ್ಯೂಟರ್ ಡಬ್ಬಿ ಅರ್ಧ ಮುಳುಗಿತ್ತು. ರಿಪೇರಿಯವನು ಮದರ್‌ಬೋರ್ಡ್ ಹೋಗಿದೆ, ವಿಂಡೋಸ್ ಕೀ ನಂಬರ್ ಕೊಡಿ ಅಂತಾನೆ. ಇಲ್ಲದಿದ್ರೆ ಡಿಸ್ಕ್ ಫಾರ್ಮ್ಯಾಟ್ ಮಾಡಿ ಫ್ರೀ ವಿಂಡೋಸ್ ಹಾಕ್ತಾನಂತೆ. ಏನು ಹೇಳಲಿ?”

ಅವರ ಭಜನಾ ಮಂಡಳಿಯ ದೇವರನಾಮಗಳೆಲ್ಲ ಆ ಡಿಸ್ಕಿನಲ್ಲಿದ್ದವು. ಒಂಬತ್ತು ವರ್ಷ ಕೂತು ಒಂದೊಂದಾಗಿ ನುಡಿಯಲ್ಲಿ ಬೆರಳಚ್ಚಿಸಿದ್ದು. ಬೇರೆಲ್ಲೂ ಪ್ರತಿ ಇರಲಿಲ್ಲ.

ನಾನು ಓದಿದ್ದು ಕನ್ನಡ ಬಿ.ಎ. ಸಂಧಿ, ಸಮಾಸ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. “ಅಮ್ಮಾ, ಫಾರ್ಮ್ಯಾಟ್ ಒಂದನ್ನು ಮಾತ್ರ ಮಾಡಿಸಬೇಡಿ, ಕರೆಂಟಿಗೂ ಹಾಕಬೇಡಿ” ಎಂದು ಹೇಳಿ, ಅಣ್ಣಾ ಸಾಲೈ ಪಕ್ಕದ ರಿಚಿ ಸ್ಟ್ರೀಟಿಗೆ ಹೋದೆ. ಅಲ್ಲಿ ಕೇಳಿ ತಿಳಿದದ್ದನ್ನೂ, ಆಮೇಲೆ ಓದಿ ಖಚಿತ ಮಾಡಿಕೊಂಡದ್ದನ್ನೂ ಇಲ್ಲಿ ಹೇಳುತ್ತೇನೆ. ನಾಳೆ ನಿಮಗೂ ಬೇಕಾದೀತು.

ಏನಿದು ಕೀಲಿ?

ವಿಂಡೋಸ್ ತಂತ್ರಾಂಶವನ್ನು ದುಡ್ಡು ಕೊಟ್ಟು ಕೊಂಡವರಿಗೆ ಸಿಗುವ ಪರವಾನಗಿ ಸಂಖ್ಯೆಯೇ ಪ್ರಾಡಕ್ಟ್ ಕೀ. ಐದೈದರ ಐದು ಗುಂಪು, ಒಟ್ಟು 25 ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳು. ಅದು ಇರುವ ಜಾಗ ಮೂರು.

ಒಂದು, ಕಾಗದದ ಮೇಲೆ. ಪೆಟ್ಟಿಗೆಯಲ್ಲಿ ಕೊಂಡಿದ್ದರೆ ಒಳಗಿನ ಕಾರ್ಡಿನಲ್ಲಿ, ಆನ್‌ಲೈನಿನಲ್ಲಿ ಕೊಂಡಿದ್ದರೆ ಇ-ಮೇಲಿನಲ್ಲಿ ಇರುತ್ತದೆ. ವಿಂಡೋಸ್ 7ರ ಕಾಲದವರೆಗಿನ ಬ್ರಾಂಡೆಡ್ ಯಂತ್ರಗಳಲ್ಲಿ ಡಬ್ಬಿಯ ಮೇಲೆ ಅಥವಾ ಲ್ಯಾಪ್‌ಟಾಪಿನ ಅಡಿಯಲ್ಲಿ ಚೀಟಿ ಅಂಟಿಸಿರುತ್ತಾರೆ. ಚೀಟಿ ಮಾಸಿದ್ದರೆ ಒಂದು ಗುಟ್ಟು ಕೇಳಿ. ಈ ಕೀಲಿಗಳಲ್ಲಿ ಇಂಗ್ಲಿಷಿನ ಸ್ವರಾಕ್ಷರಗಳು ಒಂದೂ ಇರುವುದಿಲ್ಲ! ಎಲ್, ಎಸ್, ಜೆಡ್ ಇಲ್ಲ. ಸೊನ್ನೆ, ಒಂದು, ಐದು ಎಂಬ ಅಂಕಿಗಳೂ ಇಲ್ಲ. ಹಾಗಾಗಿ ‘ಓ’ ಎಂದು ಕಂಡದ್ದು ‘ಕ್ಯೂ’ ಇರಬಹುದು, ‘ಐದು’ ಎಂದು ಕಂಡದ್ದು ‘ಆರು’ ಇರಬಹುದು.

ಎರಡು, ಮದರ್‌ಬೋರ್ಡಿನ ಒಳಗೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಬ್ರಾಂಡೆಡ್ ಕಂಪ್ಯೂಟರ್‌ಗಳಲ್ಲಿ ತಯಾರಕರು ಕೀಲಿಯನ್ನು ಬೋರ್ಡಿನ ಚಿಪ್ಪಿನಲ್ಲೇ ಬರೆದಿಡುತ್ತಾರೆ. ಡಿಸ್ಕ್ ಬದಲಾದರೂ ಚಿಂತೆಯಿಲ್ಲ, ವಿಂಡೋಸ್ ತಾನೇ ಅದನ್ನು ಓದಿಕೊಳ್ಳುತ್ತದೆ. ಆದರೆ ಬೋರ್ಡೇ ಹೋದರೆ ಕೀಲಿಯೂ ಅದರೊಂದಿಗೆ ಹೋಯಿತು. ಬೋರ್ಡ್ ಬದಲಿಸುವುದು ಕಂಪನಿಯ ಸರ್ವೀಸ್ ಸೆಂಟರ್ ಆದರೆ, ಹೊಸ ಬೋರ್ಡಿನಲ್ಲಿ ವಿಂಡೋಸ್ ಪರವಾನಗಿ ಸರಿಯಾಗಿದೆಯೇ ಎಂದು ತೋರಿಸಲು ಹೇಳಿ, ನೋಡಿಯೇ ಯಂತ್ರ ತನ್ನಿ.

ಮೂರು, ಮೈಕ್ರೋಸಾಫ್ಟಿನವರ ದಾಖಲೆಯಲ್ಲಿ. 2015ರಲ್ಲಿ ವಿಂಡೋಸ್ 10ರ ಜೊತೆ ಬಂದ ‘ಡಿಜಿಟಲ್ ಲೈಸೆನ್ಸ್’ ಇದು. ನಿಮ್ಮ ಯಂತ್ರದ ಗುರುತು ಅವರಲ್ಲಿ ದಾಖಲಾಗಿರುತ್ತದೆ. ಯಂತ್ರ ಕೆಡುವ ಮೊದಲೇ ಅದನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಟ್ಟಿದ್ದರೆ ಬೋರ್ಡ್ ಬದಲಿಸಿದ ಮೇಲೆ ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟದಲ್ಲಿ ಟ್ರಬಲ್‌ಶೂಟ್ ಒತ್ತಿ, ಯಂತ್ರಾಂಶ ಬದಲಿಸಿದ್ದೇನೆ ಎಂದು ತಿಳಿಸಿ ಮತ್ತೆ ಪಡೆಯಲು ಅವಕಾಶವಿದೆ.

ನಿಮ್ಮದು ಯಾವ ಬಗೆ?

ಕಂಪ್ಯೂಟರ್ ನಡೆಯುತ್ತಿರುವಾಗಲೇ ನೋಡಿಕೊಳ್ಳಿ. ವಿಂಡೋಸ್ ಗುಂಡಿ ಮತ್ತು ‘ಆರ್’ ಅಕ್ಷರವನ್ನು ಒಟ್ಟಿಗೆ ಒತ್ತಿ. ಬರುವ ಪುಟ್ಟ ಚೌಕದಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂದು ಬೆರಳಚ್ಚಿಸಿ. ಒಂದು ಜಾಗ ಬಿಟ್ಟು ಓರೆಗೆರೆ ಹಾಕಿ, ಅದಕ್ಕೆ ತಾಗಿ ಡಿ, ಎಲ್, ಐ ಎಂದು ಸೇರಿಸಿ ಎಂಟರ್ ಒತ್ತಿ. ಪರವಾನಗಿ ‘ಓಇಎಂ’ ಬಗೆಯದೋ ‘ರೀಟೇಲ್’ ಬಗೆಯದೋ ಎಂಬುದೂ, ಕೀಲಿಯ ಕೊನೆಯ ಐದು ಅಕ್ಷರಗಳೂ ಕಾಣುತ್ತವೆ. ಓಇಎಂ ಎಂದರೆ ಯಂತ್ರದ ಜೊತೆ ಬಂದದ್ದು, ಸಾಮಾನ್ಯವಾಗಿ ಆ ಯಂತ್ರಕ್ಕೇ ಮೀಸಲು. ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ರೀಟೇಲ್ ಪರವಾನಗಿಯನ್ನು ಹಳೆಯದರಿಂದ ತೆಗೆದು ಹೊಸ ಯಂತ್ರಕ್ಕೆ ಒಯ್ಯಬಹುದು.

ಪೂರ್ತಿ ಕೀಲಿ ಬೇಕೆಂದರೆ ನಿರ್‌ಸಾಫ್ಟ್‌ನವರ ‘ಪ್ರೊಡ್ಯುಕೀ’ ಎಂಬ ಉಚಿತ ತಂತ್ರಾಂಶವಿದೆ. ಕೆಟ್ಟ ಯಂತ್ರದ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಅದರಲ್ಲಿರುವ ವಿಂಡೋಸ್ ಫೋಲ್ಡರನ್ನು ತೋರಿಸಿದರೂ ಇದು ಓದಬಲ್ಲದು. ನೆನಪಿಡಿ, ಕೊನೆಯ ಐದು 8 ಎಚ್ ವಿ ಎಕ್ಸ್ 7 ಅಥವಾ 3 ವಿ 6 6 ಟಿ ಎಂದಿದ್ದರೆ ಅದು ನಿಮ್ಮ ಸ್ವಂತ ಕೀಲಿಯಲ್ಲ, ಡಿಜಿಟಲ್ ಲೈಸೆನ್ಸ್ ಇರುವ ಎಲ್ಲರ ಯಂತ್ರದಲ್ಲೂ ಕಾಣುವ ಸಾಮಾನ್ಯ ಕೀಲಿ. ಅದನ್ನು ಬರೆದಿಟ್ಟು ಪ್ರಯೋಜನವಿಲ್ಲ.

ಇದಕ್ಕಿಂತ ದೊಡ್ಡ ಕೀಲಿ

ಈಗ ಮುಖ್ಯವಾದ ಮಾತು. ಪರವಾನಗಿ ಕೀಲಿ ಕಳೆದರೆ ಹೋಗುವುದು ದುಡ್ಡು ಮಾತ್ರ. ಇನ್ನೊಂದು ಕೀಲಿಯಿದೆ, ಅದು ಕಳೆದರೆ ಹೋಗುವುದು ನಿಮ್ಮ ಕಡತಗಳು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎಂಬ ವ್ಯವಸ್ಥೆ ಡಿಸ್ಕಿಗೆ ಬೀಗ ಹಾಕಿರುತ್ತದೆ; ಎಷ್ಟೋ ಸಲ ನಮಗೆ ಗೊತ್ತೂ ಆಗಿರುವುದಿಲ್ಲ. ಬೋರ್ಡ್ ಬದಲಿಸಿದರೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದೆ ರಿಪೇರಿಯವರಾಗಲಿ, ಮೈಕ್ರೋಸಾಫ್ಟಿನವರಾಗಲಿ ಡಿಸ್ಕ್ ತೆರೆಯಲಾರರು.

ಸಾಮಾನ್ಯವಾಗಿ ಈ ಕೀಲಿ ಕಂಪ್ಯೂಟರನ್ನು ಮೊದಲು ಸಜ್ಜುಗೊಳಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ನಮ್ಮ ಮನೆಗಳಲ್ಲಿ ಆ ಕೆಲಸ ಮಾಡಿದ್ದು ಯಾರು? ಅಣ್ಣನ ಮಗನೋ, ಅಳಿಯನೋ! ಹಾಗಿದ್ದರೆ ಕೀಲಿ ಅವರ ಖಾತೆಯಲ್ಲಿದೆ. ಇವತ್ತೇ ಫೋನ್ ಮಾಡಿ ಕೇಳಿ ಬರೆದಿಟ್ಟುಕೊಳ್ಳಿ.

‘ಫ್ರೀ ವಿಂಡೋಸ್’ ಬೇಡ

ಕೀಲಿಯಿಲ್ಲವೆಂದು ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಸಿಕೊಳ್ಳಬೇಡಿ. ಅದು ಕಾನೂನಿಗೆ ವಿರುದ್ಧ. ಜೊತೆಗೆ ಕ್ರ್ಯಾಕ್ ಹಾಕುವಾಗ ಆಂಟಿವೈರಸ್ ಆರಿಸಿ ಎನ್ನುತ್ತಾರೆ. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರದಲ್ಲಿ ಇದು ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ. ಅವಸರವೂ ಇಲ್ಲ. ಈಗಿನ ವಿಂಡೋಸ್ ಕೀಲಿ ಹಾಕದಿದ್ದರೂ ನಡೆಯುತ್ತದೆ. ಪರದೆಯ ಮೂಲೆಯಲ್ಲಿ ಎಚ್ಚರಿಕೆಯ ಬರಹ ಕಾಣುತ್ತದೆ, ಕೆಲವು ಅಲಂಕಾರದ ಸೌಲಭ್ಯಗಳು ಸಿಗುವುದಿಲ್ಲ, ಅಷ್ಟೆ. ಅಷ್ಟರಲ್ಲಿ ನಿಧಾನವಾಗಿ ಕೀಲಿ ಹುಡುಕಬಹುದು. ಇನ್ನೊಂದು ವಿಷಯ: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸಕ್ರಮ ಪರವಾನಗಿ ಇದ್ದು ಯಂತ್ರವೂ ಅರ್ಹವಾಗಿದ್ದರೆ 11ಕ್ಕೆ ಹೋಗಲು ಹೊಸ ಕೀಲಿ ಕೊಳ್ಳಬೇಕಿಲ್ಲ.

ಇನ್ನು ನಮ್ಮ ವೇಳಚ್ಚೇರಿಯ ಅಮ್ಮನ ಕಥೆ. ನೀರು ಕೆಳಗಿನ ಬೋರ್ಡನ್ನು ಕೆಡಿಸಿತ್ತು, ಮೇಲ್ಗಡೆ ಕೂರಿಸಿದ್ದ ಡಿಸ್ಕ್ ಒಣಗಿಯೇ ಇತ್ತು. ಡಿಸ್ಕಿಗೆ ಬೀಗವಿರಲಿಲ್ಲ. ಬೇರೆ ಯಂತ್ರಕ್ಕೆ ಜೋಡಿಸಿ ಮೊದಲು ದೇವರನಾಮಗಳ ಪ್ರತಿ ತೆಗೆದೆವು, ಆಮೇಲೆ ಕೀಲಿ. ಅದು ಅಂಗಡಿಯಲ್ಲಿ ಕೊಂಡ ರೀಟೇಲ್ ಕೀಲಿ. ಹೊಸ ಬೋರ್ಡಿನಲ್ಲೂ ನಡೆಯಿತು. ನುಡಿ ಉಚಿತ ತಂತ್ರಾಂಶವಾದ್ದರಿಂದ ಅದಕ್ಕೆ ಕೀಲಿಯ ಹಂಗೇ ಇಲ್ಲ, ಮತ್ತೆ ಹಾಕಿಕೊಂಡರಾಯಿತು.

ಆ 25 ಅಕ್ಷರಗಳನ್ನು ಅಮ್ಮ ತಮ್ಮ ಹಾಡಿನ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದಾರೆ. ಈಗ ಆ ಪುಸ್ತಕ ಇರುವುದು ಅಟ್ಟದ ಮೇಲೆ. ನೀವೂ ಎಲ್ಲಾದರೂ ಬರೆದಿಡಿ; ಕಂಪ್ಯೂಟರಿನ ಒಳಗಂತೂ ಬೇಡ!