ಮನೆಯ ಯಜಮಾನರು ತೀರಿಕೊಂಡಾಗ ಮಾಡಬೇಕಾದ ಕಾಗದಪತ್ರ

ಮಣ್ಣು ಪರೀಕ್ಷೆ, ಬೀಜೋಪಚಾರಗಳಷ್ಟೇ ಜಮೀನಿನ ದಾಖಲೆಯೂ ಬೇಸಾಯಕ್ಕೆ ಮುಖ್ಯ. ತಂದೆಯೋ ಅಜ್ಜನೋ ತೀರಿಕೊಂಡು ವರ್ಷಗಳಾದರೂ ಪಹಣಿಯ 9ನೆಯ ಅಂಕಣದಲ್ಲಿ ಅವರ ಹೆಸರೇ ಉಳಿದಿರುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಇಂಥ ಜಮೀನಿನ ಮೇಲೆ ಬೆಳೆಸಾಲ, ಬೆಳೆವಿಮೆ, ಬರ ಪರಿಹಾರ ಪಡೆಯುವುದು ಕಷ್ಟ. ಬಾವಿ ತೋಡಿಸಲು, ಬದು ಹಾಕಿಸಲು, ತೋಟ ಮಾಡಲು ಹಣ ಹಾಕುವುದಕ್ಕೂ ಮನಸ್ಸು ಹಿಂಜರಿಯುತ್ತದೆ. ಯಾವುದಕ್ಕೆ ಕೋರ್ಟಿಗೆ ಹೋಗಬೇಕು, ಯಾವುದಕ್ಕೆ ಬೇಕಾಗಿಲ್ಲ ಎಂಬುದನ್ನು ತಿಳಿದಿದ್ದರೆ ಅಲೆದಾಟವೂ ಖರ್ಚೂ ತಪ್ಪುತ್ತವೆ.

ಮೊದಲು ಬೇಕಾದ ಎರಡು ಪತ್ರಗಳು

1. ಮರಣ ಪ್ರಮಾಣಪತ್ರ: ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ತಡವಾದಷ್ಟೂ ತೊಡಕು ಹೆಚ್ಚು. ಒಂದು ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ.

2. ವಂಶವೃಕ್ಷ: ಇದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನೂ ತಪ್ಪದೆ ಬರೆಸಿರಿ. ಬಿಟ್ಟ ಹೆಸರೇ ಮುಂದೆ ವ್ಯಾಜ್ಯಕ್ಕೆ ಬೀಜವಾಗುತ್ತದೆ.

ಯಾರಿಗೆ ಎಷ್ಟು?

ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ಸ್ವಯಾರ್ಜಿತ ಆಸ್ತಿಯು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಹಾಗೂ ತಾಯಿಗೆ ಸಮನಾಗಿ ಸೇರುತ್ತದೆ. ಉದಾಹರಣೆಗೆ, 4 ಎಕರೆ ಜಮೀನಿಗೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ವಾರಸುದಾರರಾದರೆ ತಲಾ ಒಂದು ಎಕರೆ. ಮೃತರ ತಾಯಿಯೂ ಬದುಕಿದ್ದರೆ ತಲಾ 32 ಗುಂಟೆ. ಪಿತ್ರಾರ್ಜಿತ ಆಸ್ತಿಯಲ್ಲಿಯೂ ಮಗಳು ಹುಟ್ಟಿನಿಂದಲೇ ಮಗನಂತೆ ಹಕ್ಕುದಾರಳು ಎಂದು 2005ರ ತಿದ್ದುಪಡಿ ಹೇಳುತ್ತದೆ. ಅದಕ್ಕೆ ತಂದೆ ಆ ದಿನ ಬದುಕಿರಬೇಕೆಂದೇನೂ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ.

ಜಮೀನಿಗೆ ಪೌತಿ ಖಾತೆ

ವಾರಸುದಾರರಲ್ಲಿ ತಕರಾರಿಲ್ಲದಿದ್ದರೆ ಇದಕ್ಕೆ ಕೋರ್ಟು ಬೇಡ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 128ನೆಯ ಕಲಮಿನಂತೆ, ಹಕ್ಕು ಬಂದ ಮೂರು ತಿಂಗಳೊಳಗೆ ಕಂದಾಯ ಅಧಿಕಾರಿಗೆ ತಿಳಿಸಬೇಕು. ಮೇಲಿನ ಎರಡು ಪತ್ರ ಮತ್ತು ಪಹಣಿಯೊಡನೆ ಅರ್ಜಿ ಸಲ್ಲಿಸಿದರೆ ನೋಟೀಸು ಹೊರಡುತ್ತದೆ. ಆಕ್ಷೇಪಣೆ ಬಾರದಿದ್ದರೆ ಖಾತೆ ಬದಲಾಗುತ್ತದೆ; ಬಂದರೆ ವಿಚಾರಣೆ ನಡೆಯುತ್ತದೆ.

ಒಂದು ಮಾತು ನೆನಪಿರಲಿ. ಖಾತೆ ಇರುವುದು ಕಂದಾಯಕ್ಕಾಗಿ. ಅದರಿಂದಲೇ ಮಾಲೀಕತ್ವ ಬರುವುದಿಲ್ಲ. ಅಣ್ಣನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ತಂಗಿಯ ಪಾಲು ಹೋಗದು. ಆಕೆ ಮನಸಾರೆ ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಬೇಕು. ಹಕ್ಕಿನ ವಿವಾದ ಬಗೆಹರಿಯದಿದ್ದರೆ ಸಿವಿಲ್ ಕೋರ್ಟಿನಲ್ಲಿ ಪಾಲುವಿಭಾಗದ ದಾವೆಯೇ ದಾರಿ.

ಠೇವಣಿ, ಬರಬೇಕಾದ ಹಣಕ್ಕೆ ಕೋರ್ಟಿನ ಪತ್ರ

ಬ್ಯಾಂಕಿನ ಠೇವಣಿ, ಷೇರು, ಇತರರಿಂದ ಬರಬೇಕಾದ ಸಾಲ ಇವುಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಸಕ್ಸೆಷನ್ ಸರ್ಟಿಫಿಕೇಟ್ ಪಡೆಯಬಹುದು. ಮೃತರು ವಾಸವಿದ್ದ ವ್ಯಾಪ್ತಿಯ ಸಿವಿಲ್ ಕೋರ್ಟಿಗೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಇರಬೇಕಾದ ವಿವರಗಳು:

ಅ) ಮರಣದ ದಿನ, ಮೃತರ ವಾಸಸ್ಥಳ
ಆ) ಕುಟುಂಬದವರ ಹಾಗೂ ಹತ್ತಿರದ ಸಂಬಂಧಿಕರ ಹೆಸರು, ವಿಳಾಸ
ಇ) ಅರ್ಜಿದಾರರ ಹಕ್ಕಿನ ಆಧಾರ
ಈ) ಬರಬೇಕಾದ ಹಣ, ಠೇವಣಿಗಳ ಪಟ್ಟಿ

ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕವಿರುತ್ತದೆ. ಈ ಪತ್ರದಿಂದ ಜಮೀನಿನ ಹಕ್ಕು ಸಿಗುವುದಿಲ್ಲ. ಪತ್ರ ಪಡೆದವರು ಹಣವನ್ನು ಉಳಿದ ವಾರಸುದಾರರಿಗೂ ಹಂಚಬೇಕು. ಠೇವಣಿಗೆ ನಾಮಿನಿ ಇದ್ದರೆ, ಅಥವಾ ಮೊತ್ತ ಚಿಕ್ಕದಾಗಿದ್ದರೆ, ಕೋರ್ಟಿನ ಪತ್ರವಿಲ್ಲದೆಯೂ ಬ್ಯಾಂಕು ಹಣ ಕೊಡುತ್ತದೆ. ಮೊದಲು ಅಲ್ಲಿ ವಿಚಾರಿಸಿರಿ. ಆದರೆ ಬ್ಯಾಂಕಿನ ನಾಮಿನಿ ಹಣ ಪಡೆಯುವವನೇ ಹೊರತು ಅಷ್ಟರಿಂದಲೇ ಒಡೆಯನಲ್ಲ.

ಸಾಲದ ವಿಷಯ

ಪಹಣಿಯ 11ನೆಯ ಅಂಕಣದಲ್ಲಿ ಸಾಲದ ನಮೂದು ಇದೆಯೇ ನೋಡಿಕೊಳ್ಳಿ. ಮೃತರ ಸಾಲಕ್ಕೆ ವಾರಸುದಾರರು ತಮಗೆ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ ಹೊಣೆ. ತಾವೇ ಜಾಮೀನು ನಿಂತಿದ್ದರೆ ಆ ಮಾತು ಬೇರೆ.

ಆದ್ದರಿಂದ ರೈತ ಬಾಂಧವರು ಈ ಬೇಸಗೆಯ ಬಿಡುವಿನಲ್ಲಿಯೇ ತಮ್ಮ ಪಹಣಿಯನ್ನು ತೆಗೆಸಿ ಯಾರ ಹೆಸರಿದೆಯೆಂದು ನೋಡುವುದು ಒಳ್ಳೆಯದು. ಅಕ್ಕತಂಗಿಯರನ್ನೂ ಕೂರಿಸಿಕೊಂಡು ಮಾತನಾಡಿ ಮುಗಿಸಿದ ಕೆಲಸ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.