ದೋಣಿಯ ಬ್ಯಾಟರಿ ಬೇಗ ಬರಿದಾಗುವುದೇಕೆ?

ವಿದ್ಯುತ್ ಮೋಟಾರಿನ ಮೀನುಗಾರಿಕಾ ದೋಣಿಯ ಬ್ಯಾಟರಿ ನಡುನೀರಿನಲ್ಲಿ ಬರಿದಾದರೆ ದಡ ಸೇರುವುದೇ ಕಷ್ಟ. ಇದಕ್ಕೆ ಮುಖ್ಯ ಕಾರಣಗಳು ಹೀಗಿವೆ.

1. ಟ್ರ್ಯಾಕ್ಟರ್ ಬ್ಯಾಟರಿಯ ಬಳಕೆ: ಇದರ ತೆಳು ಫಲಕಗಳು ಎಂಜಿನ್ ಚಾಲೂ ಮಾಡಲು ಮಾತ್ರ ತಕ್ಕವು. ದೋಣಿಗೆ ದಪ್ಪ ಫಲಕದ ಬ್ಯಾಟರಿಯೇ ಬೇಕು.

2. ಅತಿಬಳಕೆ: ಸೀಸ-ಆಮ್ಲ ಬ್ಯಾಟರಿಯಿಂದ ಅರ್ಧಕ್ಕಿಂತ ಹೆಚ್ಚು ವಿದ್ಯುತ್ ತೆಗೆಯಬಾರದು. 100 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಮೋಟಾರು 25 ಆಂಪಿಯರ್ ಎಳೆಯುತ್ತಿದ್ದರೆ ಸುಮಾರು ಒಂದೂವರೆ ಗಂಟೆಯೊಳಗೆ ದಡ ಸೇರಬೇಕು.

3. ಚಾರ್ಜಿಂಗ್ ವಿಳಂಬ: ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗುತ್ತದೆ. ಅಂದೇ ಪೂರ್ತಿ ಚಾರ್ಜ್ ಮಾಡಿ. ಫಲಕಗಳು ಮುಳುಗಿರುವಂತೆ ಭಟ್ಟಿ ಇಳಿಸಿದ ನೀರನ್ನೇ ಹಾಕಿ.

4. ಮೋಟಾರಿನ ಹೊರೆ: ರೆಕ್ಕೆಗೆ ಬಲೆಯ ದಾರ, ಜೊಂಡು ಸುತ್ತಿದರೆ ವಿದ್ಯುತ್ ಹೆಚ್ಚು ಖರ್ಚಾಗುತ್ತದೆ. ಆಗಾಗ ಬಿಡಿಸಿ.

ಎಷ್ಟೇ ಎಚ್ಚರ ವಹಿಸಿದರೂ ದೋಣಿಯಲ್ಲಿ ಹುಟ್ಟು ಇರಲೇಬೇಕು.