ಒಂದು ಟನ್ ತಂಪಿನ ತೂಕವೆಷ್ಟು?

ದುಬೈಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ‘ಚಿಲ್ಲರ್ ಫ್ರೀ’ ಎಂಬ ಮಾತು ಬಾಯಿಪಾಠ. ಎಸಿಯ ತಂಪಿನ ಖರ್ಚು ಮಾಲೀಕರದು, ನಿಮ್ಮ ಹೆಸರಿಗೆ ಬೇರೆ ಬಿಲ್ ಬರುವುದಿಲ್ಲ ಎಂದು ಅದರ ಅರ್ಥ. ಫ್ರೀ ಅಲ್ಲದ ಮನೆಗೆ ಕರೆಂಟು-ನೀರಿನ ಬಿಲ್ಲಿನ ಜೊತೆಗೆ ಇನ್ನೊಂದು ಬಿಲ್ ಬರುತ್ತದೆ. ಅದರಲ್ಲಿ ಲೆಕ್ಕ ಹಾಕುವುದು ಕರೆಂಟಿನ ಯುನಿಟ್‌ಗಳಲ್ಲಿ ಅಲ್ಲ, ‘ಟನ್-ಅವರ್’ಗಳಲ್ಲಿ. ಕಬ್ಬನ್ನೋ ಅದಿರನ್ನೋ ಟನ್ನಿನಲ್ಲಿ ತೂಗಿ ಗೊತ್ತಿದ್ದ ನಮ್ಮವರಿಗೆ ಇದು ವಿಚಿತ್ರ. ತಂಪನ್ನು ಯಾರು, ಯಾವ ತಕ್ಕಡಿಯಲ್ಲಿ ತೂಗಿದರು?

ಜೆಬೆಲ್ ಅಲಿಯ ಪಕ್ಕ, ಇಬ್ನ್ ಬತೂತಾ ಮಾಲ್‌ನ ಹಿಂಬದಿಗೆ ಹರಡಿಕೊಂಡಿರುವ ಡಿಸ್ಕವರಿ ಗಾರ್ಡನ್ಸ್ ಇಂಥ ಬಿಲ್ ಅರ್ಥ ಮಾಡಿಕೊಳ್ಳಲು ಒಳ್ಳೆಯ ಜಾಗ. ನಖೀಲ್ ಕಂಪನಿ ಕಟ್ಟಿದ ಈ ಬಡಾವಣೆಯಲ್ಲಿ ಝೆನ್, ಮೊಘಲ್, ಕ್ಯಾಕ್ಟಸ್, ಮೆಡಿಟರೇನಿಯನ್ ಎಂದು ಬೇರೆ ಬೇರೆ ಹೆಸರಿನ ಕೇರಿಗಳಿವೆ. ಹೆಸರಿಗೆ ತಕ್ಕಂತೆ ಗಿಡಮರಗಳೂ ಬೇರೆ. ಆದರೆ ಎಲ್ಲ ಕೇರಿಗಳಿಗೂ ತಂಪು ಬರುವ ದಾರಿ ಒಂದೇ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಗೋಡೆಗೆ ಜೋತುಬಿದ್ದಿರುವ ಎಸಿಯ ಹೊರಪೆಟ್ಟಿಗೆಗಳು ಇಲ್ಲಿಗೆ ಬೇಕಿಲ್ಲ. ದೂರದ ಸ್ಥಾವರದಲ್ಲಿ ನೀರನ್ನು ಐದಾರು ಡಿಗ್ರಿಗೆ ತಣಿಸಿ, ನೆಲದಡಿಯ ಕೊಳವೆಗಳಲ್ಲಿ ಕಟ್ಟಡಗಳಿಗೆ ಕಳಿಸುತ್ತಾರೆ. ಎಂಪವರ್ ಎಂಬ ಕಂಪನಿ ಇಲ್ಲಿಗೂ, ಪಾಮ್ ಜುಮೇರಾ, ಬಿಸಿನೆಸ್ ಬೇ ಮುಂತಾದೆಡೆಗಳಿಗೂ ಈ ಸೇವೆ ಕೊಡುತ್ತದೆ. ಇದಕ್ಕೆ ಡಿಸ್ಟ್ರಿಕ್ಟ್ ಕೂಲಿಂಗ್ ಎನ್ನುತ್ತಾರೆ.

ಟನ್ನಿನ ಕತೆ ಶುರುವಾಗುವುದು ಮಾತ್ರ ಮರಳುಗಾಡಿನಲ್ಲಲ್ಲ, ಮಂಜುಗಡ್ಡೆಯಲ್ಲಿ. 1760ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ಪ್ರಾಧ್ಯಾಪಕ ಒಂದು ಸಂಗತಿಯನ್ನು ಗಮನಿಸಿದ. ಕರಗುತ್ತಿರುವ ಮಂಜುಗಡ್ಡೆಗೆ ಎಷ್ಟು ಶಾಖ ಕೊಟ್ಟರೂ ಅದು ಪೂರ್ತಿ ಕರಗುವ ತನಕ ಥರ್ಮಾಮೀಟರು ಸೊನ್ನೆಯಿಂದ ಮೇಲೇಳುವುದಿಲ್ಲ. ಕೊಟ್ಟ ಶಾಖವೆಲ್ಲ ಗಡ್ಡೆಯನ್ನು ನೀರಾಗಿಸುವುದಕ್ಕೇ ಖರ್ಚು. ಥರ್ಮಾಮೀಟರಿನ ಕಣ್ಣಿಗೆ ಬೀಳದೆ ಅಡಗುವ ಈ ಶಾಖವೇ ಗುಪ್ತೋಷ್ಣ. ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಬೇಕು. ಅಷ್ಟೇ ಶಾಖ ಕೊಟ್ಟರೆ ಒಂದು ಕಿಲೋ ನೀರು ಸೊನ್ನೆಯಿಂದ 80 ಡಿಗ್ರಿಗೆ ಏರುತ್ತದೆ.

ಯಂತ್ರಗಳು ಬರುವ ಮುಂಚೆ ತಂಪು ಎಂದರೆ ಮಂಜುಗಡ್ಡೆಯೇ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಅಮೆರಿಕದ ಕೆರೆಗಳಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟಿದ ಗಡ್ಡೆಗಳನ್ನು ಕೊಯ್ದು, 1833ರಲ್ಲಿ ಹಡಗಿನಲ್ಲಿ ಕಲ್ಕತ್ತೆಗೇ ಕಳಿಸಿದ. ನಾಲ್ಕು ತಿಂಗಳ ಪಯಣದಲ್ಲಿ ಕರಗಿದ್ದು ಕರಗಿ, ಅರ್ಧಕ್ಕಿಂತ ಹೆಚ್ಚು ದಡ ಸೇರಿತು. ಚೆನ್ನೈಯ ಮರೀನಾ ಎದುರು ಈಗ ವಿವೇಕಾನಂದರ ಹೆಸರಿನಲ್ಲಿರುವ ಕಟ್ಟಡ ಅದೇ ವ್ಯಾಪಾರದ ಉಗ್ರಾಣ, ಐಸ್ ಹೌಸ್. ತಣಿಸುವ ಯಂತ್ರ ಬಂದಾಗ ಕೊಳ್ಳುವವರು ಕೇಳಿದ್ದೂ ಅದೇ ಭಾಷೆಯಲ್ಲಿ: ದಿನಕ್ಕೆ ಎಷ್ಟು ಟನ್ ಐಸ್ ಮಾಡುವ ಕೆಲಸವನ್ನು ಇದು ಮಾಡುತ್ತದೆ? 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ರೂಪಿಸಿದ ವ್ಯವಸ್ಥೆಯ ಶಕ್ತಿಯನ್ನೂ ದಿನಕ್ಕೆ 1,08,000 ಪೌಂಡ್ ಐಸ್ ಕರಗಿದಷ್ಟು ಎಂದೇ ಹೇಳುತ್ತಾರೆ. ಎಂದರೆ 54 ಟನ್.

ಹಾಗಾಗಿ ಎಸಿಯ ಟನ್ ತೂಕವಲ್ಲ, ಶಾಖ ಸಾಗಿಸುವ ವೇಗ. ಅಮೆರಿಕದ ಒಂದು ಟನ್, ಅಂದರೆ 2,000 ಪೌಂಡ್ ಮಂಜುಗಡ್ಡೆಯನ್ನು 24 ಗಂಟೆಯಲ್ಲಿ ಕರಗಿಸುವಷ್ಟು ಶಾಖವನ್ನು ಎಳೆದು ಹೊರಹಾಕುವ ಸಾಮರ್ಥ್ಯ: ಗಂಟೆಗೆ 12,000 ಬಿಟಿಯು (ಶಾಖದ ಒಂದು ಅಳತೆ), ಅಥವಾ 3.5 ಕಿಲೋವ್ಯಾಟ್. ಸುಮ್ಮನೆ ಕುಳಿತ ಮನುಷ್ಯ ಸುಮಾರು ನೂರು ವ್ಯಾಟ್ ಶಾಖ ಬಿಡುತ್ತಾನೆ. ಮೂವತ್ತೈದು ನೆಂಟರು ಒಂದೇ ಹಾಲ್‌ನಲ್ಲಿ ಕುಳಿತು ಹರಟಿದರೆ ಅವರ ಮೈಶಾಖಕ್ಕೇ ಒಂದು ಟನ್ ಬೇಕು. ಗೋಡೆಗೆ ಹೊಡೆಯುವ ಬಿಸಿಲಿನ ಲೆಕ್ಕ ಬೇರೆ. ಆ ಒಂದು ಟನ್ ಒಂದು ಗಂಟೆ ದುಡಿದರೆ ಬಿಲ್ಲಿನಲ್ಲಿ ಒಂದು ಟನ್-ಅವರ್.

ಮನೆಯೊಳಗೆ ಇದನ್ನು ಮಾಡುವುದು ಫ್ಯಾನ್ ಕಾಯಿಲ್. ಸಾಮಾನ್ಯವಾಗಿ ಬಚ್ಚಲಿನ ಅಥವಾ ಒಳಬಾಗಿಲಿನ ಮೇಲಿನ ಸೀಲಿಂಗಿನಲ್ಲಿ ಅಡಗಿರುತ್ತದೆ. ತಣ್ಣೀರು ಸುತ್ತುವ ತಾಮ್ರದ ಕೊಳವೆಗಳು, ಅವಕ್ಕೆ ಅಂಟಿದ ಅಲ್ಯೂಮಿನಿಯಮ್ಮಿನ ತೆಳು ರೆಕ್ಕೆಗಳು, ಹಿಂದೆ ಒಂದು ಫ್ಯಾನ್. ಅಲ್ಲಿ ಗ್ಯಾಸ್ ಇಲ್ಲ, ಕಂಪ್ರೆಸರ್ ಇಲ್ಲ. ನೀರು ತಣ್ಣಗೆ ಬಂದು, ಮನೆಯ ಶಾಖ ಹೊತ್ತು, ಎಂಟೊಂಬತ್ತು ಡಿಗ್ರಿ ಬೆಚ್ಚಗಾಗಿ ಹಿಂದಿರುಗುತ್ತದೆ. ಬಿಲ್ಲಿಗಾಗಿ ಈ ಶಾಖವನ್ನು ಅಳೆಯುವ ಬಿಟಿಯು ಮೀಟರಿಗೆ ಬೇಕಾದದ್ದು ಮೂರೇ ಸಂಗತಿ: ಎಷ್ಟು ನೀರು ಹರಿಯಿತು, ಎಷ್ಟು ಡಿಗ್ರಿಯಲ್ಲಿ ಬಂತು, ಎಷ್ಟು ಡಿಗ್ರಿಯಲ್ಲಿ ಹೋಯಿತು. ನಿಮಿಷಕ್ಕೆ ಆರು ಲೀಟರ್ ಹರಿದು ಎಂಟೂವರೆ ಡಿಗ್ರಿ ಬೆಚ್ಚಗಾದರೆ ಹೆಚ್ಚುಕಡಿಮೆ ಒಂದು ಟನ್. ಥರ್ಮೋಸ್ಟಾಟನ್ನು 16ಕ್ಕೆ ಇಳಿಸಿದರೆ ಕೋಣೆ ಬೇಗ ತಣಿಯುತ್ತದೆ ಎಂಬ ನಂಬಿಕೆ ಗಲ್ಫಿನ ಮನೆಮನೆಯಲ್ಲೂ ಇದೆ. ಹಾಗೇನಿಲ್ಲ. ಬರುವ ನೀರು ಅಷ್ಟೇ ತಣ್ಣಗಿರುತ್ತದೆ. ವಾಲ್ವ್ ಹೆಚ್ಚು ಹೊತ್ತು ತೆರೆದಿರುತ್ತದೆ, ಮೀಟರು ಹೆಚ್ಚು ಹೊತ್ತು ಓಡುತ್ತದೆ, ಅಷ್ಟೆ.

ಇಷ್ಟರಲ್ಲೇ ಮುಗಿದಿದ್ದರೆ ದುಬೈಯ ಬಿಲ್ ಹಗುರವಾಗಿರುತ್ತಿತ್ತು. ಭಾರ ಇರುವುದು ಆವಿಯಲ್ಲಿ. ಕಲಬುರ್ಗಿಯ ಒಣಬಿಸಿಲಿಗೂ ಮಂಗಳೂರಿನ ಸೆಕೆಗೂ ಇರುವ ವ್ಯತ್ಯಾಸ ನಮ್ಮವರಿಗೆ ಹೇಳಿಕೊಡಬೇಕಿಲ್ಲ. ದುಬೈಯಲ್ಲಿ ಎರಡೂ ಇವೆ, ಸರದಿಯ ಮೇಲೆ ಬರುತ್ತವೆ. ಮರಳುಗಾಡಿನ ಕಡೆಯಿಂದ ಒಣಗಾಳಿ ಬೀಸುವ ಜೂನ್ ಮಧ್ಯಾಹ್ನ 44 ಡಿಗ್ರಿ ಇದೆ ಎನ್ನಿ. ಅಂಥ ಒಂದು ಕಿಲೋ ಗಾಳಿ ಮನೆಯೊಳಗೆ ನುಗ್ಗಿದರೆ ಅದನ್ನು 24 ಡಿಗ್ರಿಗೆ ತರಲು 20 ಕಿಲೋಜೂಲ್ ತೆಗೆದರೆ ಸಾಕು. ಆಗಸ್ಟ್ ರಾತ್ರಿ ಬಿಸಿ ಕಡಲಿನಿಂದ ಬಂದ, 34 ಡಿಗ್ರಿಯ ತೇವದ ಗಾಳಿ ನುಗ್ಗಿದರೋ? 24 ಡಿಗ್ರಿಗೆ ತರಲು ಬರೀ 10 ಕಿಲೋಜೂಲ್. ಆದರೆ ಅದರೊಳಗಿನ ಹೆಚ್ಚುವರಿ ಆವಿಯನ್ನು ನೀರಾಗಿಸಿ ಹಿಂಡಲು ಇನ್ನೂ ಸುಮಾರು 40. ಥರ್ಮಾಮೀಟರಿನಲ್ಲಿ ಹತ್ತು ಡಿಗ್ರಿ ಕಡಿಮೆ ಇರುವ ಗಾಳಿಗೆ ಎರಡೂವರೆ ಪಟ್ಟು ಕೆಲಸ!

ಕಾರಣ ಮತ್ತೆ ಬ್ಲ್ಯಾಕ್‌ನ ಗುಪ್ತೋಷ್ಣವೇ. ಒಂದು ಲೀಟರ್ ನೀರಾಗುವಷ್ಟು ಆವಿ ಕಾಯಿಲ್ ಮೇಲೆ ಹನಿಯಾಗುವಾಗ ಸುಮಾರು 2,450 ಕಿಲೋಜೂಲ್ ಶಾಖವನ್ನು ಅಲ್ಲಿ ಬಿಟ್ಟುಕೊಡುತ್ತದೆ. ಅದನ್ನು ಹೀರಿಕೊಳ್ಳಲು ಏಳು ಕಿಲೋ ಮಂಜುಗಡ್ಡೆ ಕರಗಬೇಕು. ಫ್ಯಾನ್ ಕಾಯಿಲ್‌ನ ಕೆಳಗಿನ ತಟ್ಟೆಯಿಂದ ಸಪೂರ ಪೈಪಿನಲ್ಲಿ ತೊಟ್ಟಿಕ್ಕುವ ನೀರನ್ನು ಒಮ್ಮೆ ಬಕೆಟ್ ಹಿಡಿದು ನೋಡಿ. ಐದು ಲೀಟರ್ ತುಂಬಿತೆಂದರೆ ಬಿಲ್ಲಿನಲ್ಲಿ ಒಂದು ಟನ್-ಅವರ್ ಆ ನೀರಿಗೇ ಹೋಯಿತೆಂದು ತಿಳಿಯಿರಿ. ಬಾಲ್ಕನಿ ಬಾಗಿಲು ತೆರೆದಿಟ್ಟು ಎಸಿ ಹಾಕುವ ಮನೆಗಳಲ್ಲಿ ಆಗುವುದು ಇದೇ: ಅರಬ್ಬರ ಕೊಲ್ಲಿಯನ್ನು ಚಮಚ ಚಮಚವಾಗಿ ಬಚ್ಚಲಿಗೆ ಬಸಿಯುವ ಕೆಲಸ.

ಮನೆಯಿಂದ ಹೊರಟ ಶಾಖ ಎಲ್ಲಿಗೆ ಹೋಗುತ್ತದೆ? ತಂಪನ್ನು ಯಾರೂ ತಯಾರಿಸುವುದಿಲ್ಲ, ಶಾಖವನ್ನು ಒಂದೆಡೆಯಿಂದ ಎತ್ತಿ ಇನ್ನೊಂದೆಡೆ ಸುರಿಯುತ್ತಾರೆ. ಸ್ಥಾವರದ ಕೂಲಿಂಗ್ ಟವರುಗಳಲ್ಲಿ ಬೇರೆ ನೀರನ್ನು ಆವಿಯಾಗಿಸಿ ಶಾಖವನ್ನು ಆಕಾಶಕ್ಕೆ ಬಿಡುತ್ತಾರೆ. ಕಂಪ್ರೆಸರಿನ ದುಡಿಮೆಯ ಶಾಖವೂ ಸೇರಿ ಒಂದು ಟನ್-ಅವರ್‌ಗೆ ಆರು ಲೀಟರಿಗೂ ಹೆಚ್ಚು ನೀರು ಹಾರಿಹೋಗುತ್ತದೆ. ಮನೆಯಲ್ಲಿ ಆವಿಯನ್ನು ನೀರು ಮಾಡುತ್ತೇವೆ, ಅಲ್ಲಿ ನೀರನ್ನು ಆವಿ ಮಾಡುತ್ತಾರೆ. ಕಡಲ ನೀರನ್ನು ಸಿಹಿ ಮಾಡಿ ಕುಡಿಯುವ ಊರಿನಲ್ಲಿ ಇದು ಸಣ್ಣ ಖರ್ಚಲ್ಲ. ಅದಕ್ಕೇ ಇಲ್ಲಿನ ಕೆಲವು ಸ್ಥಾವರಗಳು ಶುದ್ಧೀಕರಿಸಿದ ಚರಂಡಿ ನೀರನ್ನು ಬಳಸುತ್ತವೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಜಾಣತನದ ಭಾಗ ಇದು. ನೀರಿನಿಂದ ತಣಿಸುವ ಕಾರಣ ಕರೆಂಟಿನ ಖರ್ಚೂ, ಕಾದ ಗೋಡೆಯ ಮೇಲೆ ಏದುಸಿರು ಬಿಡುವ ಹೊರಪೆಟ್ಟಿಗೆಗಿಂತ ಕಡಿಮೆ.

ಚಿಲ್ಲರ್ ಬಿಲ್‌ನಲ್ಲಿ ಬಳಸಿದ ಟನ್-ಅವರ್‌ಗಳಲ್ಲದೆ ಡಿಮಾಂಡ್ ಚಾರ್ಜ್ ಎಂಬ ಸಾಲೂ ಇರುತ್ತದೆ. ಅದು ಮನೆಗೆಂದು ಕಾಯ್ದಿಟ್ಟ ಟನ್ನುಗಳ ಬಾಡಿಗೆ. ಜುಲೈ-ಆಗಸ್ಟ್‌ನಲ್ಲಿ ಮಕ್ಕಳ ರಜೆಗೆ ಮನೆ ಬೀಗ ಹಾಕಿ ಉಡುಪಿಗೋ ಹಾಸನಕ್ಕೋ ಹೋದರೂ ಅದು ತಪ್ಪುವುದಿಲ್ಲ. ಉಳಿಸುವ ಆಸೆಗೆ ಎಸಿಯನ್ನು ಪೂರ್ತಿ ಆರಿಸಿ ಹೋಗಬೇಡಿ. ಮುಚ್ಚಿದ ಮನೆಯೊಳಗೆ ಸೇರಿಕೊಂಡ ತೇವ ಸೋಫಾಕ್ಕೂ ಬೀರುವಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಸುತ್ತದೆ. ಫಿಲ್ಟರ್ ತೊಳೆಸಿ, ಕಿಟಕಿ ಬಿಗಿ ಮಾಡಿ, ಥರ್ಮೋಸ್ಟಾಟನ್ನು 26ಕ್ಕೆ ಇಟ್ಟು ಊರಿನ ವಿಮಾನ ಹತ್ತಿ.